ಬಲೆಯ ನೂಲು

ಗೂಟಕ್ಕೆ ತೂಗುಬಿದ್ದಿದ್ದ ಹಳೆಯ ಜೋಳಿಗೆಯನ್ನು ಒಗೆಯೋಣವೆಂದು ಮೊನ್ನೆ ಕಾರವಾರದ ಮಗ್ಗುಲಿನ ಶಿರವಾಡದ ನಮ್ಮ ಮನೆಯ ಹಿತ್ತಲಿಗೆ ಒಯ್ದೆ. ನೆನೆಸುವ ಮೊದಲು ಜೇಬು ತಡಕುವುದು ನನ್ನ ಅಭ್ಯಾಸ. ಕೈಗೆ ಸಿಕ್ಕಿದ್ದು ಮೊಳದುದ್ದದ ಒಂದು ನೀಲಿ ನೂಲು, ಮೀನಿನ ಬಲೆ ಹೆಣೆಯುವ ನೈಲಾನ್ ನೂಲು. ನೀವಾಗಿದ್ದರೆ ಎಸೆದುಬಿಡುತ್ತಿದ್ದಿರಿ. ನಾನು ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ಎಂಟು ವರ್ಷದಿಂದ ಅದು ಎಲ್ಲೋ ಕಳೆದುಹೋಗಿದೆ ಎಂದುಕೊಂಡು ನೆಮ್ಮದಿಯಾಗಿದ್ದವಳು ನಾನು.

ಆಗ ನಾನು ಅಂಕೋಲೆಯ ಕಚೇರಿಯೊಂದರಲ್ಲಿ ಗುಮಾಸ್ತೆ. ಸಂಜೆ ಕಾರವಾರದ ಬಸ್ಸು ಹತ್ತುವ ಮೊದಲು ಮೀನುಪೇಟೆಯಲ್ಲಿ ಸಾವಿತ್ರಕ್ಕನ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂರದಿದ್ದರೆ ದಿನ ಮುಗಿದಂತೆ ಅನಿಸುತ್ತಿರಲಿಲ್ಲ. ಬಂಗಡೆಯ ಕಿವಿರು ಎತ್ತಿ ತೋರಿಸದೆ ಅವಳು ಮಾರುತ್ತಿರಲಿಲ್ಲ. ಹೆಂಗಸರನ್ನೆಲ್ಲ ಅವಳು ಕರೆಯುತ್ತಿದ್ದದ್ದು 'ಬಾಯಿ' ಎಂದೇ, ಅಮ್ಮಾವ್ರೇ ಎಂದಂತೆ. "ಇದು ನಿನ್ನೆದು, ಬೇಡ ಬಾಯಿ, ನಿಮ್ಮನೆ ಬೆಕ್ಕಿಗೂ ಬೇಡ" ಎಂದು ತನ್ನ ಮಾಲನ್ನೇ ಹಳಿಯುವ ವ್ಯಾಪಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಸ್ಸಿನಲ್ಲಿ ನನ್ನ ಚೀಲದ ವಾಸನೆಗೆ ಪಕ್ಕದವರು ಮೂಗು ಮುರಿದು ಕಿಟಕಿಯತ್ತ ತಿರುಗುತ್ತಿದ್ದರು. ಚೀಲ ಯಾರದ್ದೋ ಎಂಬಂತೆ ನಾನೂ ಅವರ ಜೊತೆ ಕಿಟಕಿ ನೋಡುತ್ತಿದ್ದೆ.

ಆ ವರ್ಷ ಕಾರ್ತಿಕ ಏಕಾದಶಿಗೆ ನಮ್ಮ ಕಡೆಯ ದಿಂಡಿ, ಅಂದರೆ ಭಜನೆ ಹಾಡುತ್ತ ಪಂಢರಪುರಕ್ಕೆ ನಡೆದು ಹೋಗುವ ತಂಡ, ಹೊರಟಾಗ ನಾನೂ ಹೆಸರು ಕೊಟ್ಟೆ. ಹೋಗುವವರು ಕೊರಳಿಗೆ ತುಳಸಿಮಾಲೆ ಹಾಕಿ ಮೀನು ಬಿಡಬೇಕು. ಕಾರವಾರದಲ್ಲಿ ಹುಟ್ಟಿದವಳಿಗೆ ಅಷ್ಟು ದೂರ ನಡೆಯುವುದಕ್ಕಿಂತ ಇದೇ ದೊಡ್ಡ ತಪಸ್ಸು. ಸುದ್ದಿ ಕೇಳಿ ಸಾವಿತ್ರಕ್ಕನ ಕತ್ತಿ ಅರ್ಧ ಮೀನಿನಲ್ಲೇ ನಿಂತಿತು.

"ನಂಗೂ ಸಣ್ಣಾಗಿಂದ ಆಸೆ ಅದೆ ಬಾಯಿ. ವಿಠೋಬನ ಕಾಲು ಒಂದ್ಸಲ ಕೈಯಾರೆ ಮುಟ್ಬೇಕು ಅಂತ."

"ಹಾಗಾದರೆ ಬಾ. ಹದಿನೇಳು ದಿನ, ಅಷ್ಟೆ."

"ಮಾಲೆ ಹಾಕೂಕೆ ಆಗ್ಬೇಕಲ. ರುಚಿ ನೋಡದೆ ಮೀನು ಒಳ್ಳೇದು ಅಂದ್ರೆ ಗಿರಾಕಿಗೆ ಮೋಸ. ಕದ್ದು ತಿಂದ್ರೆ ದೇವ್ರಿಗೆ ಮೋಸ. ನಾ ಎಲ್ಲಿಗೆ ಹೋಗೂದು?"

ಒಮ್ಮೆ ಹಾಕಿದ ಮಾಲೆಯನ್ನು ತೆಗೆಯಬಾರದೆಂದು ಅವಳ ನಂಬಿಕೆ. ನಮ್ಮಂಥವರು ಊರಿಗೆ ಮರಳಿದ ಮರುದಿನವೇ ಅದನ್ನು ದೇವರ ಗೂಡಿನಲ್ಲಿಟ್ಟು ಪೇಟೆಗೆ ಓಡುತ್ತೇವೆ ಎಂದು ಹೇಳಲು ನನಗೆ ನಾಚಿಕೆಯಾಯಿತು. ಹೊರಡುವ ಮುನ್ನಾದಿನ ಅವಳು ಹೊಸ ಬಲೆಯ ನೂಲನ್ನು ಅರಿಶಿನದ ನೀರಿನಲ್ಲಿ ತೊಳೆದು ತಂದು ನನ್ನ ಬಲಗೈಗೆ ಕಟ್ಟಿದಳು. "ಈ ಕೈಲೇ ಮುಟ್ಟು. ನಾ ಮುಟ್ದಂಗೇ."

ಕದ್ವಾಡ ದಾಟುವಷ್ಟರಲ್ಲೇ ನನ್ನ ಕಾಲಿನಲ್ಲಿ ಬೊಕ್ಕೆ ಎದ್ದವು, ಅಣಶಿ ಘಟ್ಟ ಹತ್ತುವಾಗ ಒಡೆದವು. ನಡಿಗೆಯ ಮಾತು ಬಿಡಿ, ನನ್ನನ್ನು ನಿಜಕ್ಕೂ ಅಲ್ಲಾಡಿಸಿದ್ದು ಸಂಜೆಯ ಭಜನೆ. ಮುಗಿದೊಡನೆ ಎಲ್ಲರೂ ಎಲ್ಲರ ಕಾಲು ಮುಟ್ಟಬೇಕು, "ಮಾವುಲಿ" ಎನ್ನಬೇಕು. ಮಾವುಲಿ ಎಂದರೆ ತಾಯಿ. ಮುಟ್ಟಿಸಿಕೊಂಡವರೂ ಬಗ್ಗಿ ಮುಟ್ಟಬೇಕು. ಮೊದಲ ಸಂಜೆ ನನಗಿಂತ ಹತ್ತು ವರ್ಷ ದೊಡ್ಡವರೊಬ್ಬರು ನನ್ನ ಬೊಕ್ಕೆಗಾಲಿಗೆ ಬಗ್ಗಿ ಮಾವುಲಿ ಎಂದಾಗ, ಇಷ್ಟು ವರ್ಷ ನನ್ನ ಮೇಜಿನ ಮುಂದೆ ಅರ್ಜಿ ಹಿಡಿದು ನಿಂತವರೆಲ್ಲ ನೆನಪಾಗಿ ಅತ್ತುಬಿಟ್ಟೆ. ನಾನು ಬೇರೆಯೇ ಮನುಷ್ಯಳಾದೆ ಎಂದು ನನ್ನ ಬಗ್ಗೆ ನನಗೇ ಹೆಮ್ಮೆ ಬಂತು.

ಆ ಹೆಮ್ಮೆ ನಾಲ್ಕು ದಿನ ಬಾಳಿತು. ಐದನೆಯ ದಿನ ಜೊತೆಯಲ್ಲಿ ನಡೆಯುತ್ತಿದ್ದ ಹೆಂಗಸೊಬ್ಬರು ನನ್ನ ಕೈ ನೋಡಿ, "ಇದು ಬಲೆ ನೂಲಲ್ವೋ?" ಎಂದರು. ಸುಮ್ಮನೆ ಕೇಳಿದ್ದು, ಅದರಲ್ಲಿ ಕೊಂಕಿರಲಿಲ್ಲ. ನಾನು ಮಾತ್ರ, "ಹೌದೇನೋ, ಎಲ್ಲೋ ಸಿಕ್ಕಿಕೊಂಡಿದೆ" ಅಂದೆ. ಸ್ನಾನಕ್ಕೆ ಹೋದಾಗ ಬಿಚ್ಚಿ ಜೋಳಿಗೆಯೊಳಗೆ ಹಾಕಿದೆ. ಗುಡಿಗೆ ಹೋಗುವಾಗ ಕಟ್ಟಿಕೊಂಡರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿದೆ.

ಪಂಢರಪುರದಲ್ಲಿ ಚೀಲಗಳನ್ನು ಹೊರಗೆ ಬಿಟ್ಟು ಸಾಲಿನಲ್ಲಿ ನಿಂತೆವು. ಗಂಟೆಗಟ್ಟಲೆ ನಿಂತರೂ ನನಗೆ ನೆನಪಾಗಲಿಲ್ಲ. ನೆನಪಾದದ್ದು ವಿಠೋಬನ ಪಾದದ ಮೇಲೆ ಕೈ ಇಟ್ಟ ಮೇಲೆ. ಪಾದ ತಣ್ಣಗಿತ್ತು, ನನ್ನ ಮಣಿಕಟ್ಟು ಬರಿದಾಗಿತ್ತು. ಯಾರೋ ಭುಜ ಹಿಡಿದು ಮುಂದಕ್ಕೆ ದೂಡಿದರು. ಹೊರಗೆ ಬಂದು ನಾನು ಅಳುವುದನ್ನು ಕಂಡು, ಅದೇ ಹೆಂಗಸು "ಪುಣ್ಯವಂತೆ" ಎಂದು ನನ್ನ ಬೆನ್ನು ಸವರಿದರು.

ಜೋಳಿಗೆಯಲ್ಲಿ ಮೇಲಮೇಲೆ ಹುಡುಕಿದಾಗ ನೂಲು ಸಿಗಲಿಲ್ಲ, ಕಳೆದುಹೋಯಿತೆಂದು ಸುಮ್ಮನಾದೆ. ಊರಿಗೆ ಬಂದಾಗ ಸಾವಿತ್ರಕ್ಕ ಕೇಳಿದ್ದು ಒಂದೇ ಮಾತು. "ಮುಟ್ಟಿದ್ಯೋ?"

"ಮುಟ್ಟಿದೆ."

ಅವಳು ಎರಡು ಸಲ ಕೈ ತೊಳೆದುಕೊಂಡು, ನನ್ನ ಬಲ ಅಂಗೈಯನ್ನು ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡಳು. ಮುಂದಿನ ತಿಂಗಳು ನನಗೆ ನಿವೃತ್ತಿಯಾಯಿತು. ಆಮೇಲೆ ನಾನು ಕಾರವಾರದಲ್ಲೇ ಮೀನು ಕೊಂಡೆ.

ಮೊನ್ನೆ ಆ ನೂಲು ಹಿಡಿದು ಅಂಕೋಲೆಗೆ ಹೋದೆ. ಪೇಟೆಯಲ್ಲಿ ಅವಳ ಜಾಗದಲ್ಲಿ ಸೊಸೆ ಕೂತಿದ್ದಳು. ಮಂಡಿನೋವಿನ ಸಾವಿತ್ರಕ್ಕ ಕಡಲ ಬದಿಯ ಮನೆಯ ಜಗಲಿಯ ಮೇಲಿದ್ದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅವಳು ನೂಲನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಎಂಟು ವರ್ಷ ನಾ ಮುಟ್ಟಿದೆ ಅಂತ್ಲೇ ಇದ್ದಿದ್ನಲ, ಬಾಯಿ."

ನನಗೆ ದಾರಿಯಲ್ಲಿ ಕಲಿತದ್ದು ಒಂದೇ ಉಳಿದಿತ್ತು. ಕೆಳಗಿಳಿದು ಅವಳ ಕಾಲು ಮುಟ್ಟಿ ಮಾವುಲಿ ಎಂದೆ. ಅವಳು ಗಾಬರಿಯಾಗಿ ಕಾಲು ಎಳೆದುಕೊಂಡಳು. "ಮೀನು ತುಳ್ದ ಕಾಲು, ಬಿಡು."

"ಬಿಡುವಂತಿಲ್ಲ. ದಿಂಡಿಯಲ್ಲಿ ಹೀಗೇ. ಇನ್ನು ನೀನೂ ಮುಟ್ಟಬೇಕು."

"ನಂಗೆ ಬಗ್ಗೂಕೆ ಆಗೂದಿಲ್ಲ" ಎಂದಳು. ಪಕ್ಕದ ಜಾಗ ತಟ್ಟಿ, "ಕಾಲು ಮೇಲಿಡು" ಎಂದಳು. ಜಗಲಿಯ ಮೇಲೆ ಕೂತು ಕಾಲು ಚಾಚಿದೆ. ನನ್ನ ಒಡೆದ ಹಿಮ್ಮಡಿಗಳನ್ನು ಅವಳು ಎರಡೂ ಕೈಯಿಂದ ಹಿಡಿದುಕೊಂಡು, ಬಿಡದೆ ಕೂತಳು. "ಅಲ್ಲಿಗೆ ಹೋಗಿ ಬಂದ ಕಾಲು ಇದು" ಎಂದಳು. ಆಮೇಲೆ ನೂಲನ್ನು ಮತ್ತೆ ನನ್ನ ಕೈಗೆ ಕಟ್ಟಿದಳು, ಈ ಸಲ ಮೂರು ಗಂಟು.

ಸಂಜೆಯ ಬಸ್ಸಿನಲ್ಲಿ ಚೀಲದ ತುಂಬ ಸೊಸೆ ಕೊಟ್ಟ ಬಂಗಡೆ. ಪಕ್ಕದಲ್ಲಿದ್ದವಳು ಮೂಗು ಮುಚ್ಚಿಕೊಂಡೇ ನನ್ನ ಕೈ ನೋಡಿ, "ಅದೆಂತದು ಕಟ್ಕಂಡದ್ದು?" ಎಂದಳು.

"ಬಲೆ ನೂಲು" ಅಂದೆ. "ಬರುವ ಕಾರ್ತಿಕಕ್ಕೆ ಮತ್ತೆ ಪಂಢರಪುರಕ್ಕೆ ಹೊರಟಿದ್ದೇನೆ, ಸಾವಿತ್ರಕ್ಕನ ಜೊತೆ."