ಬಿಸಿ ಪಾತ್ರೆ ಬಿಡದ ಕೈ

ಕೋಗಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಭರಮಮ್ಮ ಬಿಸಿಯೂಟದ ಅಡುಗೆಗೆ ಸೇರಿ ಹದಿನಾಲ್ಕು ವರ್ಷ. ಓದಿದ್ದು ಮೂರನೇ ಕ್ಲಾಸು. ಆಮೇಲೆ ಮದುವೆಯಾಗುವ ತನಕ ಅಪ್ಪನ ಕುರಿಗಳ ಹಿಂದೆ ತಿರುಗಿದವಳು. ಯಾವ ಮಗುವಿಗೆ ಬದನೆಕಾಯಿ ಸೇರುವುದಿಲ್ಲ ಎಂಬುದು ಅವಳಿಗೆ ಬಾಯಿಪಾಠ.

ಕಳೆದ ಜುಲೈನಲ್ಲಿ ಒಂದು ಮಧ್ಯಾಹ್ನ, ಭರಮಮ್ಮ ಜೊತೆಯ ಅಡುಗೆಯವಳಾದ ರೇಣುಕಾಳೊಂದಿಗೆ ಸಾಂಬಾರಿನ ಪಾತ್ರೆ ಹಿಡಿದು ವರಾಂಡಕ್ಕೆ ಬರುತ್ತಿದ್ದಳು. ಹಿಡಿದಿದ್ದ ಬಟ್ಟೆ ಜಾರಿ, ಸುಡುವ ಅಂಚು ಬರಿಗೈಗೆ ತಾಗಿತು. ಕಾಲ ಬುಡದಲ್ಲೇ ಎಂಟನೇ ಕ್ಲಾಸಿನ ಹುಡುಗಿಯರು ತಟ್ಟೆ ಇಟ್ಟುಕೊಂಡು ಕೂತಿದ್ದರು. ಭರಮಮ್ಮ ಪಾತ್ರೆ ಬಿಡಲಿಲ್ಲ. ನಾಲ್ಕು ಹೆಜ್ಜೆ ನಡೆದು, ಕಟ್ಟೆಯ ಮೇಲೆ ಇಳಿಸಿ, ಆಮೇಲೆ ಕೈ ಕೊಡವಿದಳು. ಬೆರಳಲ್ಲೆಲ್ಲ ಗುಳ್ಳೆ ಎದ್ದಿತ್ತು.

ಹಗರಿಬೊಮ್ಮನಹಳ್ಳಿಯ ದವಾಖಾನೆಯಲ್ಲಿ ಮುಲಾಮು ಹಚ್ಚಿ ಪಟ್ಟಿ ಕಟ್ಟಿದರು. ಮನೆಯಲ್ಲಿ ಸುಮ್ಮನೆ ಕೂರಲಾಗದೆ ಮೂರನೇ ದಿನವೇ ಶಾಲೆಗೆ ಬಂದ ಭರಮಮ್ಮ, ಕೆಲಸವಿಲ್ಲದೆ ಹತ್ತನೇ ಕ್ಲಾಸಿನ ಬಾಗಿಲಲ್ಲಿ ನಿಂತಳು. ಒಳಗೆ ವಿಜ್ಞಾನದ ಟೀಚರ್ ಗಂಗಾಂಬಿಕಾ ಬೋರ್ಡಿನ ಮೇಲೆ ಒಂದು ಕೈ, ಒಂದು ಬೆನ್ನುಹುರಿ ಬರೆದಿದ್ದರು.

"ಬಿಸಿ ತಾಗಿದ ಸುದ್ದಿ ನರದಾಗ ಬೆನ್ನುಹುರಿಗೆ ಹೋಗ್ತೈತಿ. ಕೈ ತಗಿ ಅನ್ನೋ ಅಪ್ಪಣಿ ಅಲ್ಲಿಂದನ ಇನ್ನೊಂದು ನರದಾಗ ಸ್ನಾಯುವಿಗೆ ಬರ್ತೈತಿ. ಮೆದುಳಿಗೆ ಉರಿ ಗೊತ್ತಾಗೋದ್ರಾಗ ಕೈ ಹಿಂದ ಬಂದಿರ್ತೈತಿ. ಇದಕ್ಕ ಪರಾವರ್ತಿತ ಪ್ರತಿಕ್ರಿಯೆ ಅಂತಾರ."

"ಹಂಗಾದ್ರ ಮೊನ್ನಿ ನನ್ನ ಕೈ ಯಾಕ ಬಿಡ್ಲಿಲ್ರಿ ಮೇಡಂ?" ಎಂದಳು ಭರಮಮ್ಮ.

ಮಕ್ಕಳು ನಕ್ಕರು. ಆಮೇಲೆ ಎಲ್ಲರೂ ಟೀಚರ್ ಮುಖ ನೋಡಿದರು. ಗಂಗಾಂಬಿಕಾ, "ನಾಳಿ ಹೇಳ್ತೀನಿ, ಬರ್ರಿ" ಎಂದರು. ಆ ಸಂಜೆ ತಮ್ಮ ಕಾಲೇಜಿನ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದರು.

ಮರುದಿನ ಭರಮಮ್ಮನಿಗೆ ಮೊದಲ ಬೆಂಚಿನಲ್ಲೇ ಜಾಗ ಸಿಕ್ಕಿತು. "ಬೆನ್ನುಹುರಿ ಬಿಡು ಅಂದೇ ಅಂದೈತಿ," ಎಂದರು ಗಂಗಾಂಬಿಕಾ. "ಆದ್ರ ಕೆಳಗ ಮಕ್ಕಳು ಅದಾರ ಅಂತ ನಿಮ್ಮ ಕಣ್ಣು ಮೊದ್ಲ ನೋಡಿತ್ತು. ಮೆದುಳು ಮ್ಯಾಲಿಂದ ಹಿಡ್ಕೋ ಅಂತ ಸುದ್ದಿ ಕಳಿಸಿ ಆ ಅಪ್ಪಣಿ ತಡದೈತಿ."

"ಅಂದ್ರ ನನ್ನ ತಲಿ ಛಲೋ ಕೆಲಸ ಮಾಡ್ತೈತಿ ಅಂದಂಗಾತು. ಅದನ್ನ ನಮ್ಮ ಯಜಮಾನ್ರಿಗೆ ಒಂದೀಟು ಬರದು ಕೊಡ್ರಿ."

ಗಂಗಾಂಬಿಕಾ ನಿಜಕ್ಕೂ ಬರೆದು ಸಹಿ ಹಾಕಿಕೊಟ್ಟರು. ಗಂಡ ಕರಿಸಿದ್ದಪ್ಪ ಚೀಟಿಯನ್ನು ಎರಡು ಸಲ ಓದಿ ಅಂಗಿಯ ಜೇಬಿಗಿಟ್ಟುಕೊಂಡ. ವಾರವಿಡೀ ಚಹಾದಂಗಡಿಯಲ್ಲಿ ಕಂಡವರಿಗೆಲ್ಲ ಅದನ್ನು ತೋರಿಸಿದ.

ಕೈ ವಾಸಿಯಾಗಲು ಮೂರು ವಾರ ಹಿಡಿಯಿತು. ಈಗ ವಿಜ್ಞಾನದ ಪೀರಿಯಡ್ ಬಂದರೆ ಭರಮಮ್ಮ ಬೇಗ ಕೆಲಸ ಮುಗಿಸಿ ಬೆಂಚಿಗೆ ಬಂದು ಕೂರುತ್ತಾಳೆ. ಮೊನ್ನೆ ಅವಳು ಕೇಳಿದ್ದು ಉಳ್ಳಾಗಡ್ಡಿ ಹೆಚ್ಚುವಾಗ ಬರುವ ಕಣ್ಣೀರಿನ ಬಗ್ಗೆ: ಅದಕ್ಕೂ ಬೆನ್ನುಹುರಿಯೇ ಅಪ್ಪಣೆ ಕೊಡುತ್ತದೆಯೇ?

"ಇಲ್ರಿ, ಅದು ಮೆದುಳಿನ ಬುಡದಾಗಿಂದ ಬರ್ತೈತಿ," ಎಂದು ಗಂಗಾಂಬಿಕಾ ಸೀಮೆಸುಣ್ಣ ಕೈಗೆತ್ತಿಕೊಂಡರು.