ನೀರು ಅಂದ್ರೆ ಪ್ರಾಣ

ಇವತ್ತು ಮೇಜಿನ ಖಾನೆಯಿಂದ ಗೋಂದಿನ ಸೀಸೆ ತೆಗೆದರೆ ಗೋಂದು ಒಣಗಿ ಕಲ್ಲಾಗಿತ್ತು. ಮದ್ದೂರಿನಿಂದ ಬರುವ ಹುಡುಗಿಯೊಬ್ಬಳ ಟಿ.ಸಿ. ಅರ್ಜಿಗೆ ಫೋಟೊ ಅಂಟಿಸಬೇಕಿತ್ತು. “ಇಂಗ್ಲಿಷ್ ಸೈನ್ಸು ತಲೆಗತ್ತಕಿಲ್ಲ ಮೇಡಂ, ಬುಟ್ಬುಡ್ತೀನಿ” ಎಂದು ಎದುರಿಗೇ ನಿಂತಿದ್ದಳು. ಸೀಸೆಯನ್ನು ಕಸದ ಬುಟ್ಟಿಗೆ ಹಾಕಲು ಹೋದೆ, ಕೆಂಪಮ್ಮ ಗದರಿದಂತಾಯಿತು.

ಕೆಂಪಮ್ಮ ಯಾರೆಂದು ನಿಮಗೆ ಹೇಳಲೇಬೇಕು. ನಾನು ಗುಂಡ್ಲುಪೇಟೆಯಲ್ಲಿ ಪಿಯುಸಿ ಓದುವಾಗ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರು. ಕುದೇರಿನವರು, ಓದಿದ್ದು ನಾಲ್ಕನೇ ಕ್ಲಾಸು. ಕೈ ಬ್ಯುರೆಟ್ಟು ತೊಳೆಯುತ್ತಿದ್ದರೂ ಕಿವಿ ಪಾಠದ ಮೇಲೆ. ನಾನೋ, ಹತ್ತರವರೆಗೆ ಕನ್ನಡದಲ್ಲಿ ಓದಿ ಊರಿಗೆಲ್ಲ ಜಾಣೆ ಅನ್ನಿಸಿಕೊಂಡು ಬಂದವಳು. ಇಲ್ಲಿ ಇಂಗ್ಲಿಷ್ ಪದ ಎದುರಾದರೆ, ಬಂಡೀಪುರದ ರಸ್ತೆಯಲ್ಲಿ ಆನೆ ಕಂಡ ಬೈಕಿನವನ ಹಾಗೆ ನಿಂತುಬಿಡುತ್ತಿದ್ದೆ.

ಒಂದು ದಿನ ಮೇಷ್ಟ್ರು “ಲಯೋಫಿಲಿಕ್ ಅಂದರೇನಮ್ಮ?” ಎಂದರು. ‘ಲಯೋ’ ಅಂದರೆ ದ್ರವ ಎಂದು ಆಗಷ್ಟೇ ಹೇಳಿದ್ದರು. ನನಗೆ ಗೊತ್ತಿದ್ದ ‘ಫಿಲ್’ ಒಂದೇ, ಪ್ರಶ್ನೆಪತ್ರಿಕೆಯ ಫಿಲ್ ಅಪ್ ದ ಬ್ಲ್ಯಾಂಕ್ಸ್. “ನೀರು ತುಂಬೋದು ಸಾರ್” ಎಂದೆ. ಅಂದಿನಿಂದ ಕ್ಲಾಸಿಗೆಲ್ಲ ನಾನು ‘ಫಿಲಪ್ಪಿ’. ನಾಳೆಯೇ ಟಿ.ಸಿ. ತೆಗೆದುಕೊಳ್ಳುವುದೆಂದು ಲ್ಯಾಬಿನ ಮೂಲೆಯಲ್ಲಿ ಅಳುತ್ತ ಕೂತೆ.

ಕೆಂಪಮ್ಮ ಸೀಸೆಗಳಿಗೆ ಚೀಟಿ ಅಂಟಿಸಲು ಜಾಲಿಮರದ ಅಂಟು ಇಟ್ಟುಕೊಂಡಿದ್ದರು. ಅದು ಒಣಗಿಹೋದ ಬಟ್ಟಲನ್ನು ತಂದು ನನ್ನ ಮುಂದಿಟ್ಟರು.

“ಇದೇ ಕಣಮ್ಮಿ ನಿಮ್ ಲಯೋಪಿಲಿಕ್ಕು. ನೀರು ಅಂದ್ರೆ ಪ್ರಾಣ ಇದ್ಕೆ. ಇನ್ನೊಂದ್ ಜಾತಿ ಅದೆ, ಲಯೋಪೋಬಿಕ್ಕು. ಅದ್ಕೆ ನೀರು ಕಂಡ್ರೆ ಆಗಕಿಲ್ಲ, ಒಂದ್ಸಲ ಕೆಟ್ರೆ ಕೆಟ್ಟಂಗೆಯ. ಇದು ಅಂಗಲ್ಲ. ಒಣಗೋಯ್ತು ಅಂತ ಎಸೆದ್ಬುಟ್ಟೀಯ. ವಸಿ ನೀರ್ ಬುಟ್ಟು ಸುಮ್ಕೆ ಕೂತ್ಕೊ, ತಿರ್ಗಾ ಬತ್ತದೆ.”

ನೀರು ಬಿಟ್ಟು ಮನೆಗೆ ಹೋದೆ. ಮಾರನೆಯ ದಿನ ಮುಟ್ಟಿ ನೋಡಿದರೆ ಬೆರಳಿಗೆ ಅಂಟಿಕೊಂಡಿತು. ಟಿ.ಸಿ. ಮಾತು ನಾನೂ ಎತ್ತಲಿಲ್ಲ, ಅವರೂ ಕೇಳಲಿಲ್ಲ. ಆಮೇಲೆ ತಲೆದಿಂಬಿನಷ್ಟು ದಪ್ಪದ ಪುಸ್ತಕಗಳನ್ನು ಓದಿದ್ದೇನೆ. ಈಗ ಅದೇ ಕೆಮಿಸ್ಟ್ರಿ ಮೇಡಂ ಆಗಿ ‘ಲಯೋಫಿಲಿಕ್ ಅಂದರೆ ದ್ರವಸ್ನೇಹಿ’ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಆದರೆ ಆ ಪದವನ್ನು ಕೆಂಪಮ್ಮನಷ್ಟು ಚೆನ್ನಾಗಿ ಬಿಡಿಸಿ ಹೇಳಿದವರನ್ನು ಇದುವರೆಗೆ ಕಂಡಿಲ್ಲ. ನನ್ನ ಪಾಲಿಗೆ ಮೊದಲ ಗುರು ಅವರೇ.

ಸೀಸೆಗೆ ಎರಡು ಚಮಚ ನೀರು ಹಾಕಿ ಕಿಟಕಿಯ ಮೇಲಿಟ್ಟೆ.

“ಗೋಂದು ನೆನೀಬೇಕು ಕಣಮ್ಮಿ. ಫೋಟೊ ನನ್ನತ್ರನೇ ಇರ್ಲಿ. ನಾಳೆ ಬಾ.”

“ಎಷ್ಟೊತ್ಗೆ ಮೇಡಂ?”

“ಎರಡನೇ ಪೀರಿಯಡ್ಗೆ. ಪುಸ್ತಕ ತಗೊಂಡು ಬಾ.”