ನಮ್ಮ ಮನೆಯ ಮೇಲೆ ಹಾರದ ವಿಮಾನ

ನಮ್ಮ ಸಿಂದಗಿಯಲ್ಲಿ ಒಂದೂರು ಎಷ್ಟು ದೂರ ಎಂದು ಕೇಳಿದರೆ ಯಾರೂ ಕಿಲೋಮೀಟರು ಹೇಳುವುದಿಲ್ಲ. ಇಂಡಿ ಒಂದೂವರೆ ತಾಸು, ಮುದ್ದೇಬಿಹಾಳ ಎರಡು ತಾಸು, ಅಷ್ಟೇ. ಇಷ್ಟು ತಾಸು ಅಂದರೆ ಬಸ್ಸೋ ಜೀಪೋ ಇದ್ದೇ ಇದೆ ಎಂದರ್ಥ. ಕಾನ್ವೆಂಟಿನಲ್ಲಿ ಕಲಿತು ಎಪ್ಪತ್ತು ದಾಟಿದ ನಾನೂ ಹಾಗೆ ತಿಳಿದವಳೇ.

ಕಳೆದ ವರ್ಷ ಬೆಳಗಾವಿಯ ನನ್ನ ತಂಗಿಗೆ ಹೊಟ್ಟೆಯ ಆಪರೇಷನ್ ನಿಗದಿಯಾಯಿತು. ಹಿಂದಿನ ಸಂಜೆ ಫೋನಿನಲ್ಲಿ ಹಟ ಹಿಡಿದಳು.

"ಅಕ್ಕಾ, ನಾಳೆ ಹನ್ನೆರಡಕ್ಕ ಒಳಗ ಕರ್ಕೊಂಡು ಹೋಗ್ತಾರಂತ. ನೀ ಬರೂತನಕ ನಾ ಹೋಗಂಗಿಲ್ಲ ನೋಡು."

"ಹತ್ತಕ್ಕ ನಿನ್ನ ಮುಂದ ಇರ್ತೇನಿ, ಪ್ರಾಮಿಸ್" ಎಂದೆ.

ಯಾಕೆಂದರೆ ಟ್ಯಾಬಿನಲ್ಲಿ ನೋಡಿದ್ದೆ: ಕಲಬುರಗಿ ಏರ್‌ಪೋರ್ಟಿನಿಂದ ಬೆಳಗಾವಿ ಏರ್‌ಪೋರ್ಟಿಗೆ ಸುಮಾರು ಮುನ್ನೂರು ಕಿಲೋಮೀಟರು, ಫ್ಲೈಟ್ ಟೈಮ್ ಒಂದು ತಾಸಿನೊಳಗೆ. ಕಲಬುರಗಿಗೆ ಕಾರಿನಲ್ಲಿ ಎರಡು ತಾಸು. ಬೆಳಗಾವಿಗೆ ನೇರ ರಸ್ತೆ ಹಿಡಿದರೆ ಆರು.

ಬೆಳಿಗ್ಗೆ ಆರಕ್ಕೆ ನಮ್ಮ ಓಣಿಯ ಡ್ರೈವರ್ ಕಾರು ತಂದ. ಮೋರಟಗಿ ದಾಟುವಾಗ ಕೇಳಿದ, "ಟಿಕೆಟ್ ತಗಸೀರೇನ್ರಿ ಅಮ್ಮಾರ?"

"ಅಲ್ಲೇ ಕೌಂಟರಿನ್ಯಾಗ ಕೊಡ್ತಾರಲ್ಲ."

ಅವನು ಕಾರು ನಿಲ್ಲಿಸಿ ಟ್ಯಾಬ್ ಇಸಿದುಕೊಂಡ. ನಕ್ಷೆಯ ಮೇಲೆ ಒಂದು ಕೆಂಪು ಗೆರೆ ಇತ್ತು.

"ಈ ಗೆರಿ ನಮ್ಮ ಸಿಂದಗಿ ಮ್ಯಾಲಿಂದನ ಹೊಂಟೈತಲ್ರಿ! ಅಂದ್ರ ನಾವು ಹಿಂದಕ ಹೋಗಿ ಹತ್ತಿ, ಮತ್ತ ನಿಮ್ಮ ಮಾಳಗಿ ಮ್ಯಾಲ ಹಾದು ಬರೂದೇನ್ರಿ?"

ನಗು ಬಂತು. ಆದರೆ ಆ ಪುಟದಲ್ಲಿ ವಿಮಾನ ಹೊರಡುವ ವೇಳೆ ಎಲ್ಲೂ ಇರಲಿಲ್ಲ. ಅವನು ಕಲಬುರಗಿಯ ಟ್ಯಾಕ್ಸಿ ಗೆಳೆಯನಿಗೆ ಫೋನ್ ಮಾಡಿದ.

"ಬೆಳಗಾವಿಗೆ ಇಲ್ಲಿಂದ ವಿಮಾನನ ಇಲ್ಲಂತ್ರಿ."

ಆ ಪುಟ ಎರಡು ಊರಿನ ನಡುವೆ ಟೇಪು ಹಿಡಿದು ಅಳೆದಿತ್ತು, ಅಷ್ಟೇ. 'ರೀಡ್ ಇಟ್ ಟ್ವೈಸ್, ಚೈಲ್ಡ್' ಎನ್ನುತ್ತಿದ್ದರು ನಮ್ಮ ಕಾನ್ವೆಂಟಿನ ಮದರ್. ಕಾರು ತಿರುಗಿಸಿದೆವು. ಸಿಂದಗಿಗೆ ಮರಳಿದಾಗ ಏಳೂವರೆ. ತಂಗಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ.

"ಇಂಗ್ಲಿಷ್ ಸಾಲಿ ಕಲ್ತು ಇದನ್ನ ಓದಿದೇನ ನೀ?" ಎಂದು ನಕ್ಕಳು. ಆಮೇಲೆ ದನಿ ಸಣ್ಣದಾಯಿತು. "ಡಾಕ್ಟರ್ ಕಾಯಂಗಿಲ್ಲ ಅಕ್ಕಾ."

"ಹೋಗು ಒಳಗ. ಹೊರಗ ಬರೂದ್ರಾಗ ಬಂದಿರ್ತೇನಿ."

ಬಸವನ ಬಾಗೇವಾಡಿ, ಕೊಲ್ಹಾರ ದಾಟಿ ಬೆಳಗಾವಿ ಮುಟ್ಟಿದಾಗ ಒಂದೂವರೆ. ಅವಳು ಆಗಲೇ ಒಳಗಿದ್ದಳು. ಅವಳ ಗಂಡ ಬೆಂಚಿನ ಮೇಲೆ ಕುಳಿತಿದ್ದರು. ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು ಒಂದು ಸ್ಟೀಲ್ ಡಬ್ಬಿ ಕೊಟ್ಟಳು.

"ಹಲ್ಲಿನ ಸೆಟ್ಟು ಐತ್ರಿ. ಅಕ್ಕನ ಕೈಯಾಗ ಕೊಡು, ನಮ್ಮ ಯಜಮಾನರಿಗೆ ತೋರಸಬ್ಯಾಡ ಅಂದಾರ."

ಥಿಯೇಟರಿನೊಳಗೆ ಸೆಟ್ಟು ಹಾಕಿಕೊಂಡು ಹೋಗುವ ಹಾಗಿಲ್ಲ. ಬೋಳು ಬಾಯಿಯನ್ನು ಅವಳು ಗಂಡನಿಗೆ ಎಂದೂ ತೋರಿಸಿದವಳಲ್ಲ. ನಾನು ಬರಬೇಕೆಂದು ಹಟ ಹಿಡಿದದ್ದು ಯಾಕೆಂದು ಆಗ ತಿಳಿಯಿತು.

ಎರಡಕ್ಕೆ ಸ್ಟ್ರೆಚರ್ ಹೊರಗೆ ಬಂತು. ಅವಳ ಗಂಡ ಬೆಂಚಿನಿಂದ ಏಳುವಷ್ಟರಲ್ಲಿ ನಾನು ಹೋಗಿ ಅವಳ ಮುಖಕ್ಕೆ ಅಡ್ಡವಾಗಿ ನಿಂತೆ.